ಬೇಲಿಯ ಗಂಡು ತೊಂಡೆ

1940ರಲ್ಲಿ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯ ಒಂಬತ್ತನೆಯ ಸಂಪುಟದಲ್ಲಿ ತೊಂಡೆಬಳ್ಳಿಯ ಮೇಲೆ ಒಂದು ಚಿಕ್ಕ ಬರಹ ಅಚ್ಚಾಯಿತು. ಬರೆದವರು ಎಲ್.ಎಸ್.ಎಸ್. ಕುಮಾರ್ ಮತ್ತು ಜಿ.ಬಿ. ದೇವಡೀಕರ್. ಗಂಡು ತೊಂಡೆಯ ಜೀವಕೋಶವನ್ನು ಬಣ್ಣದಲ್ಲಿ ಅದ್ದಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟಾಗ, ಒಂದು ಜೋಡಿ ವರ್ಣತಂತು ಮಾತ್ರ ಒಂದಕ್ಕೊಂದು ಹೊಂದದೆ ಕಂಡಿತು. ಅದರಲ್ಲಿ ಒಂದು ಸಣ್ಣದು, ಇನ್ನೊಂದು ಉಳಿದೆಲ್ಲವನ್ನೂ ಮೀರಿಸುವಷ್ಟು ದೊಡ್ಡದು. ಹೆಣ್ಣು ಬಳ್ಳಿಯಲ್ಲಿ ಈ ದೊಡ್ಡದು ಇಲ್ಲವೇ ಇಲ್ಲ. ಮನುಷ್ಯರಲ್ಲಿ ಇರುವ ಹಾಗೆ ತೊಂಡೆಯಲ್ಲೂ ಎಕ್ಸ್ ಮತ್ತು ವೈ ಇವೆ ಎಂಬುದು ಆ ಬರಹದ ಸಾರ.

ಉಡುಪಿಯ ಕಡೆಯವರಿಗೆ ಈ ಬಳ್ಳಿಯನ್ನು ಹೊಸದಾಗಿ ಪರಿಚಯಿಸಬೇಕಿಲ್ಲ. ತುಳುವಿನಲ್ಲಿ ಮಣೋಳಿ, ಕೊಂಕಣಿಯಲ್ಲಿ ತೆಂಡ್ಲಿ. ಕಾಪು, ಕಟಪಾಡಿ, ಶಿರ್ವದಿಂದ ಬೆಳ್ಮಣ್, ಕಾರ್ಕಳದವರೆಗೆ ಬಾವಿಕಟ್ಟೆಯ ಪಕ್ಕದಲ್ಲೋ ಬಚ್ಚಲ ನೀರು ಹರಿಯುವಲ್ಲೋ ಒಂದು ತೊಂಡೆ ಚಪ್ಪರ ಇಲ್ಲದ ಹಳೆಯ ಮನೆ ಅಪರೂಪ. ಗೇರುಮರದಲ್ಲಿ ಎಳೆಬೀಜ ಬರುವ ತಿಂಗಳುಗಳಲ್ಲಿ ತೊಂಡೆಕಾಯಿ ಗೇರುಬೀಜದ ಪಲ್ಯವಿಲ್ಲದೆ ಮದುವೆಯ ಊಟ ಪೂರ್ತಿಯಾಗುವುದಿಲ್ಲ. ಆದರೆ ಈ ಚಪ್ಪರಗಳ ಬಳ್ಳಿಗಳೆಲ್ಲ ಹೆಣ್ಣು. ಯಾರೂ ಮಣೋಳಿಯನ್ನು ಬೀಜ ಹಾಕಿ ಬೆಳೆಸುವುದಿಲ್ಲ. ಚೆನ್ನಾಗಿ ಕಾಯಿ ಬಿಡುವ ಬಳ್ಳಿಯಿಂದ ಒಂದು ತುಂಡು ಕತ್ತರಿಸಿ ತಂದು ನೆಡುತ್ತಾರೆ. ಆ ತುಂಡೂ ಹೆಣ್ಣೇ, ಅದರಿಂದ ಮುಂದೆ ಕತ್ತರಿಸುವ ತುಂಡೂ ಹೆಣ್ಣೇ. ಹಲವು ತಳಿಗಳಿಗೆ ಪರಾಗಸ್ಪರ್ಶವಿಲ್ಲದೆಯೂ ಕಾಯಿ ಕಟ್ಟುವ ಗುಣ ಇರುವುದರಿಂದ ತೋಟಕ್ಕೆ ಗಂಡಿನ ಅಗತ್ಯವೂ ಬೀಳುವುದಿಲ್ಲ.

ಗಂಡು ಬಳ್ಳಿ ಇರುವುದು ಹೊರಗೆ. ಮುರಕಲ್ಲಿನ ಗೋಡೆಯ ಮೇಲೆ, ರೈಲುಹಳಿಯ ಬದಿಯ ಪೊದೆಯಲ್ಲಿ, ಗದ್ದೆಯ ಅಂಚಿನ ಬೇಲಿಯಲ್ಲಿ ಕಾಡುತೊಂಡೆ ತಾನಾಗಿಯೇ ಹಬ್ಬುತ್ತದೆ. ಅದರ ಕಾಯಿ ಹೆಚ್ಚಾಗಿ ಕಹಿ. ಕವಿಗಳು ತುಟಿಗೆ ಹೋಲಿಸಿದ ಕೆಂಪುಹಣ್ಣು ಅದರಲ್ಲೂ ಆಗುತ್ತದೆ. ಪಿಕಳಾರ ಹಕ್ಕಿಗಳು ತಿಂದು ಬೀಜವನ್ನು ಇನ್ನೊಂದು ಬೇಲಿಗೆ ಮುಟ್ಟಿಸುತ್ತವೆ. ಬೀಜದಿಂದ ಹುಟ್ಟುವುದರಿಂದ ಅಲ್ಲಿ ಗಂಡೂ ಇರುತ್ತದೆ, ಹೆಣ್ಣೂ ಇರುತ್ತದೆ. ಬಿಳಿ ಹೂವಿನ ಬುಡದಲ್ಲಿ ಪುಟ್ಟ ಕಾಯಿಯ ಆಕಾರ ಕಂಡರೆ ಅದು ಹೆಣ್ಣು. ಹೂವು ಬರಿಯ ತೊಟ್ಟಿನ ಮೇಲೆ ನಿಂತಿದ್ದರೆ ಗಂಡು. ಜಗತ್ತಿನ ಪ್ರಯೋಗಾಲಯಗಳು ಹುಡುಕಿಕೊಂಡು ಬಂದ ವೈ ವರ್ಣತಂತು ಇರುವುದು ಯಾರೂ ನೀರು ಹಾಕದ ಈ ಬಳ್ಳಿಯಲ್ಲಿ.

ಈ ಕತೆಯ ಮೊದಲ ಅಧ್ಯಾಯ ನಮ್ಮದೇ ಪಶ್ಚಿಮ ಕರಾವಳಿಯ ದಕ್ಷಿಣ ಭಾಗದಲ್ಲಿ ನಡೆಯಿತು. ಕೊಚ್ಚಿಯಲ್ಲಿ ಡಚ್ಚರ ಆಡಳಿತಾಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡ್ ಮಲಬಾರಿನ ಗಿಡಗಳನ್ನು ದಾಖಲಿಸಲು ಹೊರಟಾಗ, ಇಟ್ಟಿ ಅಚ್ಯುತನ್ ವೈದ್ಯರ ಜೊತೆಗೆ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರು ಸಹಾಯಕ್ಕೆ ನಿಂತರು. 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಹೊರಬಂದ ‘ಹೊರ್ತುಸ್ ಮಲಬಾರಿಕುಸ್’ ಆ ದುಡಿಮೆಯ ಫಲ. ಅದರ ಎಂಟನೆಯ ಸಂಪುಟದಲ್ಲಿ ತೊಂಡೆ ಮಲಯಾಳದ ‘ಕೋವೆಲ್’ ಎಂಬ ಹೆಸರಿನಲ್ಲಿ ಚಿತ್ರವಾಗಿ ನಿಂತಿದೆ. ಆ ಸಂಪುಟ ಬಂದದ್ದು 1688ರಲ್ಲಿ. ಗಿಡಗಳಿಗೂ ಗಂಡು ಹೆಣ್ಣು ಉಂಟು ಎಂದು ಜರ್ಮನಿಯ ರುಡಾಲ್ಫ್ ಕಮೆರಾರಿಯಸ್ ಪ್ರಯೋಗದಿಂದ ತೋರಿಸಿ ಪತ್ರ ಬರೆದದ್ದು ಅದಾದ ಆರು ವರ್ಷಗಳ ಮೇಲೆ, 1694ರಲ್ಲಿ.

ಹೆಸರಿನ ವಿಚಾರ ಬೇಗ ಹೇಳಿ ಮುಗಿಸುತ್ತೇನೆ. 1767ರಲ್ಲಿ ಲಿನೇಯಸ್ ಇದನ್ನು ಬ್ರಯೋನಿಯಾ ಕುಲಕ್ಕೆ ಸೇರಿಸಿದ. 1834ರಲ್ಲಿ ರಾಬರ್ಟ್ ವೈಟ್ ಮತ್ತು ವಾಕರ್-ಆರ್ನಟ್ ಕಾಕ್ಸಿನಿಯಾ ಇಂಡಿಕಾ ಎಂದು ಕರೆದರು. ವೈಟ್ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ಕೆಲಸ ಮಾಡಿದ ವೈದ್ಯ. ಆಗ ನಮ್ಮ ಕೆನರಾ ಜಿಲ್ಲೆಯೂ ಅದೇ ಪ್ರೆಸಿಡೆನ್ಸಿಯಲ್ಲಿತ್ತು. ಈಗ ಚಾಲ್ತಿಯಲ್ಲಿರುವ ಕಾಕ್ಸಿನಿಯಾ ಗ್ರ್ಯಾಂಡಿಸ್ ಎಂಬ ಹೆಸರು 1845ರದು. ಈ ಕುಲದಲ್ಲಿ ಸುಮಾರು 25 ಜಾತಿಗಳಿವೆ, ಹೆಚ್ಚುಕಡಿಮೆ ಎಲ್ಲವೂ ಆಫ್ರಿಕಾದವು, ಎಲ್ಲದರಲ್ಲೂ ಗಂಡು ಬೇರೆ ಹೆಣ್ಣು ಬೇರೆ. ಏಷ್ಯಾದಲ್ಲಿ ತಾನಾಗಿ ಬೆಳೆಯುವುದು ನಮ್ಮ ತೊಂಡೆ ಒಂದೇ.

ವರ್ಣತಂತುಗಳಿಗೂ ಲಿಂಗಕ್ಕೂ ಇರುವ ನಂಟು ಗೊತ್ತಾದದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ. 1905ರಲ್ಲಿ ಅಮೆರಿಕದ ನೆಟ್ಟೀ ಸ್ಟೀವನ್ಸ್ ಹಿಟ್ಟಿನ ಹುಳುವಿನ ಗಂಡಿನಲ್ಲಿ ಒಂದು ಪುಟ್ಟ ವರ್ಣತಂತುವನ್ನು ಗುರುತಿಸಿದರು. ಸಸ್ಯಗಳಲ್ಲಿ ಅಂಥದ್ದು ಸಿಗಲು ಇನ್ನೂ ಹನ್ನೆರಡು ವರ್ಷ ಬೇಕಾಯಿತು. 1917ರಲ್ಲಿ ಚಾರ್ಲ್ಸ್ ಅಲೆನ್ ಸ್ಫೇರೋಕಾರ್ಪಸ್ ಎಂಬ, ಹಾವಸೆಯ ಬಂಧುವಾದ ಹೂವಿಲ್ಲದ ಪುಟ್ಟ ಸಸ್ಯದಲ್ಲಿ ಅದನ್ನು ಕಂಡ. 1923ರಲ್ಲಿ ಜಪಾನಿನ ಕಿಹರ ಮತ್ತು ಓನೊ ರೂಮೆಕ್ಸ್ ಎಂಬ ಹುಳಿಸೊಪ್ಪಿನಲ್ಲಿ ಕಂಡರು. ಯುರೋಪಿನ ಬ್ಲ್ಯಾಕ್‌ಬರ್ನ್ ಮತ್ತು ವಿಂಗೆ ಬಿಳಿ ಹೂವಿನ ಸೈಲೀನ್ ಗಿಡದಲ್ಲಿ ಕಂಡರು. ಇಂದಿನ ಲೆಕ್ಕದಲ್ಲಿ ಹೂಬಿಡುವ ಸಸ್ಯಗಳ ಪೈಕಿ ಗಂಡು, ಹೆಣ್ಣು ಬೇರೆ ಬೇರೆ ಗಿಡಗಳಲ್ಲಿ ಇರುವ ಜಾತಿಗಳು ಸುಮಾರು 15,600, ಎಂದರೆ ಶೇಕಡಾ 5ರಿಂದ 6. ನಮ್ಮ ಹಿತ್ತಲಿನ ತಾಳೆ, ಜಾಯಿಕಾಯಿ, ಪುನರ್ಪುಳಿ, ಮಡಹಾಗಲ ಇವೆಲ್ಲ ಆ ಗುಂಪಿನವೇ. ಆದರೆ ಸೂಕ್ಷ್ಮದರ್ಶಕದಲ್ಲಿ ನೋಡಿದ ಕೂಡಲೇ ಇದು ಎಕ್ಸ್, ಇದು ವೈ ಎಂದು ಬೆರಳಿಟ್ಟು ತೋರಿಸುವಷ್ಟು ವ್ಯತ್ಯಾಸ ಇರುವ ಜಾತಿಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ತೊಂಡೆಯದು ಎದ್ದು ಕಾಣುವ ಸ್ಥಾನ.

ಕುಮಾರ್ ಮತ್ತು ದೇವಡೀಕರ್ ಅವರ ಬರಹ ಬಂದ ವರ್ಷ ಉಡುಪಿಯಲ್ಲಿ ವಿಜ್ಞಾನ ಕಲಿಸುವ ಕಾಲೇಜಿರಲಿಲ್ಲ. ಎಂಜಿಎಂ ಕಾಲೇಜು ಶುರುವಾದದ್ದು 1949ರಲ್ಲಿ. ಮಣಿಪಾಲ ಆಗ ಮುರಕಲ್ಲಿನ ಬೋಳುಗುಡ್ಡ. ಬೆಂಗಳೂರಿನ ಪತ್ರಿಕೆಯಲ್ಲಿ ತಮ್ಮ ಬೇಲಿಯ ಬಳ್ಳಿ ಸುದ್ದಿಯಾಗಿದೆ ಎಂದು ಇಲ್ಲಿ ತಿಳಿಯುವ ದಾರಿಯೇ ಇರಲಿಲ್ಲ. ಸುದ್ದಿ ಮಾತ್ರ ಹಬ್ಬುತ್ತ ಹೋಯಿತು. ತಲಶ್ಶೇರಿಯಲ್ಲಿ ಹುಟ್ಟಿದ ಸಸ್ಯವಿಜ್ಞಾನಿ ಇ.ಕೆ. ಜಾನಕಿ ಅಮ್ಮಾಳ್ 1945ರಲ್ಲಿ ವಿಜ್ಞಾನಿ ಡಾರ್ಲಿಂಗ್ಟನ್ ಜೊತೆ ಸೇರಿ ಬೆಳೆಗಿಡಗಳ ವರ್ಣತಂತುಗಳ ಅಟ್ಲಾಸನ್ನು ಲಂಡನ್ನಿನಲ್ಲಿ ಪ್ರಕಟಿಸಿದರು. ಗಿಡಗಳ ವರ್ಣತಂತು ಎಣಿಸುವ ವಿದ್ಯೆಯಲ್ಲಿ ಭಾರತೀಯರು ಆಗ ಯಾರಿಗೂ ಕಡಿಮೆ ಇರಲಿಲ್ಲ. 1947 ಮತ್ತು 1948ರಲ್ಲಿ ತೊಂಡೆಯ ಮೇಲೆ ಇನ್ನೂ ಕೆಲವು ಬರಹಗಳು ಬಂದವು. 1952ರಲ್ಲಿ ಕುಮಾರ್ ಮತ್ತು ಎಸ್. ವಿಶ್ವೇಶ್ವರಯ್ಯ ‘ನೇಚರ್’ ಪತ್ರಿಕೆಯಲ್ಲಿ ತೊಂಡೆಯಲ್ಲಿ ಲಿಂಗ ನಿರ್ಧಾರವಾಗುವ ಬಗೆಯನ್ನು ಬರೆದರು. ಭಾರತದ ಈ ಪ್ರಯೋಗಗಳಿಂದ ಸ್ಪಷ್ಟವಾದ ಸಂಗತಿ ಇದು: ವರ್ಣತಂತುಗಳ ಸಂಖ್ಯೆಯನ್ನು ಹೆಚ್ಚಿಸಿ ಎಕ್ಸ್‌ಗಳು ಹಲವಾದರೂ, ವೈ ಒಂದು ಇದ್ದರೆ ಸಾಕು, ಬಳ್ಳಿ ಗಂಡಾಗುತ್ತದೆ. ಹುಳಿಸೊಪ್ಪಿನಲ್ಲಿ ಹೀಗಿಲ್ಲ, ಅಲ್ಲಿ ಎಕ್ಸ್ ಎಷ್ಟು, ಉಳಿದವು ಎಷ್ಟು ಎಂಬ ಅನುಪಾತ ತೀರ್ಮಾನಿಸುತ್ತದೆ. ತೊಂಡೆಯ ವೈಗೆ ಅಷ್ಟು ಬಲ.

ಹಾಗಾದರೆ ಆ ವೈ ಅಷ್ಟು ದೊಡ್ಡದಾಗಿರುವುದು ಏಕೆ? ಗಂಡಾಗಿಸುವ ಜೀನುಗಳು ಅಷ್ಟೊಂದು ಬೇಕೇ? ಈ ಪ್ರಶ್ನೆಗೆ ಉತ್ತರ ಹೇಳಲು 1952ರಲ್ಲಿ ಯಾರ ಕೈಯಲ್ಲೂ ಸಲಕರಣೆ ಇರಲಿಲ್ಲ. ಮರುವರ್ಷವೇ, 1953ರ ಏಪ್ರಿಲ್‌ನಲ್ಲಿ, ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎಯ ಜೋಡಿ ಸುರುಳಿಯನ್ನು ಪ್ರಕಟಿಸಿದರು. ಅದೇ ವರ್ಷ ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದ ಗುಡ್ಡದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ಆರಂಭಿಸಿದರು.

ಉತ್ತರದ ಮೊದಲ ಎಳೆ ಜೋಳದ ಹೊಲದಿಂದ ಬಂತು. ಅಮೆರಿಕದ ಬಾರ್ಬರಾ ಮೆಕ್ಲಿಂಟಾಕ್ 1940ರ ದಶಕದ ಕೊನೆಯಲ್ಲಿ ಮುಸುಕಿನ ಜೋಳದ ಕಾಳಿನ ಬಣ್ಣದ ಚುಕ್ಕೆಗಳನ್ನು ಬೆನ್ನು ಹತ್ತಿ, ವರ್ಣತಂತುವಿನಲ್ಲಿ ಜಾಗ ಬದಲಿಸುವ ತುಣುಕುಗಳಿವೆ ಎಂದರು. ಬಹುಕಾಲ ಅವರ ಮಾತನ್ನು ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ನೊಬೆಲ್ ಬಂದದ್ದು 1983ರಲ್ಲಿ. 1968ರಲ್ಲಿ ಬ್ರಿಟನ್ ಮತ್ತು ಕೊಹ್ನೆ ಎಂಬ ಇಬ್ಬರು ವಿಜ್ಞಾನಿಗಳು ಇನ್ನೊಂದು ದಿಕ್ಕಿನಿಂದ ಅಲ್ಲಿಗೇ ತಲುಪಿದರು. ಪ್ರಾಣಿ, ಸಸ್ಯಗಳ ಡಿಎನ್‌ಎಯಲ್ಲಿ ಒಂದೇ ಪಾಠ ಸಾವಿರ, ಲಕ್ಷ ಸಲ ಮರುಕಳಿಸುತ್ತದೆ ಎಂದು ಅವರು ತೋರಿಸಿದರು. ಮರುಕಳಿಸುವ ಈ ಭಾಗದಲ್ಲಿ ಎರಡು ಬಗೆ. ಒಂದರಲ್ಲಿ ಚಿಕ್ಕ ಪಾಠ ಸಾಲಾಗಿ ಒಂದರ ಬೆನ್ನಿಗೆ ಒಂದು ನಿಂತಿರುತ್ತದೆ. ಇನ್ನೊಂದು ಮೆಕ್ಲಿಂಟಾಕ್ ಕಂಡ ಜಾತಿಯದು, ಊರು ಅಲೆಯುವಂಥದ್ದು. ಅದರಲ್ಲೂ ರೆಟ್ರೊಟ್ರಾನ್ಸ್‌ಪೋಸಾನ್ ಎಂಬವು ತಾವು ಇದ್ದಲ್ಲೇ ಇದ್ದು ತಮ್ಮ ನಕಲನ್ನು ಬೇರೆ ಕಡೆ ತೂರಿಸುತ್ತವೆ. ಒಂದೊಂದು ತೂರಿಕೆಗೂ ವರ್ಣತಂತು ಒಂದಿಷ್ಟು ಉದ್ದವಾಗುತ್ತದೆ.

ಎಲ್ಲ ವರ್ಣತಂತುಗಳಲ್ಲೂ ಇವು ತೂರುತ್ತವೆ. ವೈಯಲ್ಲಿ ಮಾತ್ರ ಇಷ್ಟೊಂದು ಉಳಿದುಕೊಳ್ಳುವುದಕ್ಕೆ ಕಾರಣ ಅದರ ಒಂಟಿತನ. ಉಡುಪಿಯ ಮಠಗಳಲ್ಲಿ ತುಳುಲಿಪಿಯ ತಾಳೆಗರಿ ಗ್ರಂಥಗಳನ್ನು ಪರಿಶೋಧಿಸುವವರು ಒಂದೇ ಗ್ರಂಥದ ಎರಡು ಪ್ರತಿ ಸಿಕ್ಕರೆ ಒಂದನ್ನು ಇನ್ನೊಂದಕ್ಕೆ ಹೋಲಿಸಿ ತಪ್ಪು ತಿದ್ದುತ್ತಾರೆ, ಮಧ್ಯದಲ್ಲಿ ಸೇರಿದ ಪ್ರಕ್ಷೇಪವನ್ನು ಗುರುತಿಸುತ್ತಾರೆ. ಏಕಪ್ರತಿಯಾದರೆ ಲಿಪಿಕಾರನ ತಪ್ಪೂ ಪ್ರಕ್ಷೇಪವೂ ಮುಂದಿನ ಪ್ರತಿಗೆ ಹಾಗೆಯೇ ಹೋಗುತ್ತವೆ. ವರ್ಣತಂತುಗಳಲ್ಲೂ ಹೀಗೆಯೇ. ಹೆಣ್ಣು ಬಳ್ಳಿಯಲ್ಲಿ ಎಕ್ಸ್ ಎರಡಿವೆ. ಅಂಡ ರೂಪುಗೊಳ್ಳುವ ಹೊತ್ತಿಗೆ ಅವು ಪಕ್ಕಪಕ್ಕ ನಿಂತು ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ, ಹಾಗಾಗಿ ಕೆಟ್ಟದ್ದು ತಲೆಮಾರುಗಳಲ್ಲಿ ಸೋಸಿ ಹೋಗುತ್ತದೆ. ವೈಗೆ ಅಂಥ ಜೊತೆಯಿಲ್ಲ. ಗಂಡುತನವನ್ನು ತೀರ್ಮಾನಿಸುವ ಜೀನು ಎಕ್ಸ್‌ಗೆ ದಾಟಿಬಿಟ್ಟರೆ ಎಲ್ಲ ಅಸ್ತವ್ಯಸ್ತವಾಗುತ್ತದೆ. ಆದ್ದರಿಂದ ಆ ಭಾಗದಲ್ಲಿ ಅದಲುಬದಲು ನಿಂತವುಗಳೇ ಬಾಳಿದವು. ಬ್ರಯಾನ್ ಮತ್ತು ಡೆಬೊರಾ ಚಾರ್ಲ್ಸ್‌ವರ್ತ್ ದಂಪತಿ 1978ರಲ್ಲಿ ಈ ಹಾದಿಯ ಮೊದಲ ಹೆಜ್ಜೆಗಳನ್ನು ಲೆಕ್ಕ ಹಾಕಿ ತೋರಿಸಿದರು: ಗಂಡು ಹೆಣ್ಣು ಒಂದೇ ಹೂವಿನಲ್ಲಿದ್ದ ಗಿಡದಲ್ಲಿ, ಒಂದು ಬದಲಾವಣೆ ಪರಾಗವನ್ನು ಕೆಡಿಸಬೇಕು, ಇನ್ನೊಂದು ಅಂಡವನ್ನು ಹತ್ತಿಕ್ಕಬೇಕು, ಆ ಎರಡು ಜೀನುಗಳೂ ಪಕ್ಕಪಕ್ಕದಲ್ಲಿ ಅಂಟಿಕೊಂಡಿರಬೇಕು. ಅಂಟಿಕೊಂಡ ಆ ಭಾಗವೇ ಮುಂದೆ ಹಿಗ್ಗುತ್ತದೆ.

ಇದು ಬರಿಯ ಊಹೆಯಲ್ಲ ಎಂಬುದಕ್ಕೆ ಸಾಕ್ಷಿ ನಮ್ಮ ಹಿತ್ತಲಿನ ಇನ್ನೊಂದು ಗಿಡದಲ್ಲಿ ಸಿಕ್ಕಿತು. ತುಳುನಾಡಿನಲ್ಲಿ ಬಪ್ಪಂಗಾಯಿ ಎನ್ನುವ ಪಪ್ಪಾಯಿಯಲ್ಲಿ ವೈ ಈಗಷ್ಟೇ ಬೇರ್ಪಡುತ್ತಿದೆ, ಕಣ್ಣಿಗೆ ಎಕ್ಸ್‌ನ ಹಾಗೆಯೇ ಕಾಣುತ್ತದೆ ಎಂದು ರೇ ಮಿಂಗ್ ಅವರ ತಂಡ 2004ರಲ್ಲಿ ‘ನೇಚರ್’ನಲ್ಲಿ ಬರೆಯಿತು. ಪಪ್ಪಾಯಿಯ ದ್ವಿಲಿಂಗಿ ಗಿಡದಲ್ಲಿ ಅದಲುಬದಲು ನಿಂತಿರುವ ಭಾಗವನ್ನು ಅವರು 2012ರಲ್ಲಿ ಅಕ್ಷರ ಅಕ್ಷರವಾಗಿ ಓದಿದಾಗ ಅದು ಡಿಎನ್‌ಎಯ 81 ಲಕ್ಷ ಅಕ್ಷರಗಳಷ್ಟು ಉದ್ದವಿತ್ತು. ಎಕ್ಸ್‌ನಲ್ಲಿ ಅದಕ್ಕೆ ಸರಿಹೊಂದುವ ಭಾಗ 35 ಲಕ್ಷ. ಎರಡು ಪಟ್ಟಿಗೂ ಹೆಚ್ಚು. ಸೇರಿಕೊಂಡದ್ದರಲ್ಲಿ ಹೆಚ್ಚಿನದು ಮರುಕಳಿಸುವ ಪಾಠ. ಪಪ್ಪಾಯಿ ಈ ದಾರಿಯಲ್ಲಿ ಹೊರಟಿದೆ, ತೊಂಡೆ ಬಹಳ ದೂರ ಹೋಗಿದೆ.

ತೊಂಡೆಗೆ ಉತ್ತರ ಸಿಕ್ಕಿದ್ದು ಮ್ಯೂನಿಕ್‌ನಲ್ಲಿ. ಅಲ್ಲಿನ ವಿಶ್ವವಿದ್ಯಾಲಯದ ಸೂಸನ್ ರೆನರ್ ಮತ್ತು ಅರೆತುಸಾ ಸೌಸ, ಯೋರ್ಗ್ ಫುಕ್ಸ್ ಜೊತೆ ಸೇರಿ 2013ರಲ್ಲಿ, ಹೊಳೆಯುವ ಬಣ್ಣದ ಡಿಎನ್‌ಎ ತುಣುಕುಗಳನ್ನು ತೊಂಡೆಯ ವರ್ಣತಂತುಗಳಿಗೆ ಅಂಟಿಸಿ ನೋಡಿದರು. ಒಟ್ಟು 24 ವರ್ಣತಂತುಗಳು. ಹೆಣ್ಣಿನಲ್ಲಿ 22ರ ಜೊತೆ ಎರಡು ಎಕ್ಸ್, ಗಂಡಿನಲ್ಲಿ 22ರ ಜೊತೆ ಎಕ್ಸ್ ಮತ್ತು ವೈ. ವೈ ಒಂದರ ಕಾರಣಕ್ಕೆ ಗಂಡು ತೊಂಡೆಯ ಜೀವಕೋಶದಲ್ಲಿ ಹೆಣ್ಣಿಗಿಂತ ಸುಮಾರು ಶೇಕಡಾ 10ರಷ್ಟು ಡಿಎನ್‌ಎ ಹೆಚ್ಚು. ಮನುಷ್ಯರಲ್ಲಿ ಇದು ತಿರುಗುಮುರುಗು. ಹೆಣ್ಣಿನ ಜೀವಕೋಶದಲ್ಲೇ ತುಸು ಹೆಚ್ಚು. ತೊಂಡೆಯ ವಯಸ್ಸು ಸುಮಾರು 30 ಲಕ್ಷ ವರ್ಷ, ವಿಕಾಸದ ಲೆಕ್ಕದಲ್ಲಿ ಎಳೆಯದು. ಇಷ್ಟು ಕಡಿಮೆ ಸಮಯದಲ್ಲಿ ವೈಗೂ ಉಳಿದ ವರ್ಣತಂತುಗಳಿಗೂ ಇಷ್ಟು ಅಂತರ ಬೆಳೆದ ಹೂಬಿಡುವ ಸಸ್ಯ ಮತ್ತೊಂದು ತಿಳಿದಿಲ್ಲ ಎಂದು ಅವರು ತೀರ್ಮಾನಿಸಿದರು. 2016ರಲ್ಲಿ ಅದೇ ತಂಡ ಗಂಡು, ಹೆಣ್ಣು ಎರಡರ ಡಿಎನ್‌ಎಯನ್ನೂ ಓದಿ ಹೋಲಿಸಿತು. ವೈಯಲ್ಲಿ ರೆಟ್ರೊಟ್ರಾನ್ಸ್‌ಪೋಸಾನ್‌ಗಳು ಮಾತ್ರವಲ್ಲ, ಕ್ಲೋರೊಪ್ಲಾಸ್ಟ್ ಮತ್ತು ಮೈಟೊಕಾಂಡ್ರಿಯಾಗಳಿಂದ ತಪ್ಪಿಸಿಕೊಂಡು ಬಂದ ಡಿಎನ್‌ಎ ಕೂಡ ನೆಲೆಯೂರಿತ್ತು. ಕೋಶ ವಿಭಜನೆಯಾಗುವಾಗ ವರ್ಣತಂತುವನ್ನು ಎಳೆಯಲು ಹಿಡಿಯಾಗುವ ಸೆಂಟ್ರೊಮಿಯರ್ ಕೂಡ ವೈಯಲ್ಲಿ ಬೇರೆಯದೇ ಬಗೆಯದು. 2017ರಲ್ಲಿ ಆಫ್ರಿಕಾದ ಬಂಧುಗಳನ್ನು ಪರೀಕ್ಷಿಸಿದಾಗ ಕೆಲವು ಜಾತಿಗಳಲ್ಲಿ ಎಕ್ಸ್, ವೈ ಎರಡೂ ನೋಡಲು ಒಂದೇ ತರಹ ಇದ್ದವು. ಅಂದರೆ ಈ ದೈತ್ಯ ವೈ ಇಡೀ ಕುಲದ ಸೊತ್ತಲ್ಲ.

ಕುಮಾರ್ ಮತ್ತು ದೇವಡೀಕರ್ ಅವರಿಂದ ಪುಣೆಯಲ್ಲಿ ಆರಂಭವಾದ ಕೆಲಸವನ್ನು ಪುಣೆಯೇ ಮತ್ತೆ ಕೈಗೆತ್ತಿಕೊಂಡದ್ದು ನನಗೆ ಬಹಳ ಸಂತೋಷ ಕೊಡುವ ಸಂಗತಿ. ಅಲ್ಲಿನ ಐಸರ್ ಎಂಬ ವಿಜ್ಞಾನ ಸಂಸ್ಥೆಯ ಅಂಜನ್ ಬ್ಯಾನರ್ಜಿ ಅವರ ತಂಡ 2014ರಲ್ಲಿ ಗಂಡು, ಹೆಣ್ಣು ಅಲ್ಲದೆ ಮೂರನೆಯ ಬಗೆಯ ತೊಂಡೆಯನ್ನೂ ವಿವರಿಸಿತು. ಒಂದೇ ಬಳ್ಳಿಯಲ್ಲಿ ಹೆಣ್ಣು ಹೂಗಳ ಜೊತೆ ಕೇಸರವೂ ಇರುವ ಹೂಗಳು. ಆ ಬಳ್ಳಿಯಲ್ಲಿ ವೈ ಇಲ್ಲ, ಪರಾಗ ಇದ್ದರೂ ಬಂಜೆ. ಹೆಣ್ಣು ಬಳ್ಳಿಗೆ ಸಿಲ್ವರ್ ನೈಟ್ರೇಟ್ ಸಿಂಪಡಿಸಿದಾಗಲೂ ಹೂವಿನಲ್ಲಿ ಕೇಸರ ಬೆಳೆಯಿತು. ಕೇಸರವನ್ನು ಹುಟ್ಟಿಸುವ ಶಕ್ತಿ ಹೆಣ್ಣಿನಲ್ಲೂ ಅಡಗಿದೆ. ಫಲವತ್ತಾದ ಪರಾಗಕ್ಕೆ ವೈ ಬೇಕು. 2020ರಲ್ಲಿ ಫ್ರಾನ್ಸಿನ ಗೇಬ್ರಿಯಲ್ ಮರೇ ಅವರ ತಂಡ ಪುಣೆಯವರೊಂದಿಗೆ ಸೇರಿ ಮತ್ತೊಂದು ಸಂಗತಿಯನ್ನು ಹೊರಗಿಟ್ಟಿತು. ವೈಯಲ್ಲಿ ಜೀನುಗಳು ಹಾಳಾಗುತ್ತ ಬಂದಂತೆ, ಗಂಡು ಬಳ್ಳಿಯಲ್ಲಿ ಇರುವ ಒಂದೇ ಎಕ್ಸ್ ಹೆಚ್ಚು ದುಡಿದು ಆ ಕೊರತೆಯನ್ನು ತುಂಬಿಕೊಡುತ್ತಿದೆ.

ಮನುಷ್ಯನ ವೈ ಇದೇ ದಾರಿಯ ಇನ್ನೊಂದು ತುದಿಯಲ್ಲಿದೆ. ಹದಿನೈದು ಕೋಟಿ ವರ್ಷಕ್ಕೂ ಹಳೆಯದಾದ ಅದು ಜೀನುಗಳನ್ನು ಕಳೆದುಕೊಂಡು ಕುಗ್ಗಿದೆ. ಅದನ್ನು ಪೂರ್ತಿ ಓದಿ ಮುಗಿಸಿದ್ದು 2023ರಲ್ಲಿ. 6 ಕೋಟಿ 20 ಲಕ್ಷ ಅಕ್ಷರಗಳು, ಅರ್ಧಕ್ಕಿಂತ ಹೆಚ್ಚು ಮರುಕಳಿಸುವ ಪಾಠ, ಅದಕ್ಕೇ ಇಷ್ಟು ತಡ. ಎಳೆಯ ವೈ ಮೊದಲು ಉಬ್ಬುತ್ತದೆ, ಮುದಿ ವೈ ಕೊನೆಗೆ ಸೊರಗುತ್ತದೆ ಎಂಬ ಚಿತ್ರದಲ್ಲಿ ಉಬ್ಬುವ ಘಟ್ಟವನ್ನು ಕಣ್ಣಾರೆ ನೋಡಬೇಕೆಂದರೆ ಪ್ರಪಂಚದಲ್ಲಿ ತೊಂಡೆಗಿಂತ ಒಳ್ಳೆಯ ಗಿಡವಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಂಥ ಗಿಡ ನಮ್ಮ ಬೇಲಿಯಲ್ಲಿದೆ. ಆದರೆ ಬೇಲಿಗಳೇ ಕಡಿಮೆಯಾಗುತ್ತಿವೆ. ಕಾಪು, ಕಟಪಾಡಿಯ ಮೂಲಕ ಹಾಯುವ ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥವಾಯಿತು, ಬದಿಯ ಪೊದೆಗಳು ಹೋದವು. ಗಿಡಗಂಟಿಯ ಬೇಲಿ ಇದ್ದಲ್ಲಿ ಸಿಮೆಂಟ್ ಕಂಪೌಂಡ್ ಎದ್ದಿದೆ. ಹೆಣ್ಣು ತೊಂಡೆಯನ್ನು ಅಡುಗೆಮನೆ ಕಾಪಾಡುತ್ತದೆ, ಅದರ ಚಿಂತೆಯಿಲ್ಲ. ಗಂಡನ್ನು ಕಾಪಾಡುವವರು ಯಾರೂ ಇಲ್ಲ. ಕಾಡುತೊಂಡೆಯ ಗಂಡುಗಳು ಹೋದರೆ ಬೀಜದ ಸಂತಾನ ನಿಲ್ಲುತ್ತದೆ. ಮುಂದೆ ರೋಗವೋ ಬರವೋ ಬಂದಾಗ ಹೊಸ ತಳಿ ಕಟ್ಟಲು ಬೇಕಾದ ವೈವಿಧ್ಯವೂ ಅದರೊಂದಿಗೆ ಹೋಗುತ್ತದೆ. ತುಂಡಿನಿಂದ ತುಂಡಿಗೆ ಸಾಗುವ ಚಪ್ಪರದ ಬಳ್ಳಿಗಳೆಲ್ಲ ಒಂದೇ ಅಚ್ಚಿನವು ಎಂಬುದನ್ನು ರೈತರು ಮರೆಯಬಾರದು.

ಉಡುಪಿಗೆ ಈ ಕೆಲಸ ಹೊರೆಯಲ್ಲ. ಪೂರ್ಣಪ್ರಜ್ಞ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ಡಾ. ಕೆ. ಗೋಪಾಲಕೃಷ್ಣ ಭಟ್ ಅವರು ಊರೂರು ಸುತ್ತಿ ಗಿಡ ಗುರುತಿಸಿ 2003ರಲ್ಲಿ ‘ಫ್ಲೋರಾ ಆಫ್ ಉಡುಪಿ’ ಎಂಬ ದೊಡ್ಡ ಗ್ರಂಥವನ್ನು ಕೊಟ್ಟಿದ್ದಾರೆ. ಮಣಿಪಾಲದಲ್ಲಿ ಜೀವವಿಜ್ಞಾನಕ್ಕೆಂದೇ ಒಂದು ಶಾಲೆ ಇದೆ. ಬ್ರಹ್ಮಾವರದಲ್ಲಿ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ ಇದೆ. ಕಾರ್ಕಳ, ಕಾಪುವಿನ ಕಾಲೇಜುಗಳ ಪ್ರಯೋಗಾಲಯದಲ್ಲಿ ಒಂದು ಸೂಕ್ಷ್ಮದರ್ಶಕ, ಸ್ವಲ್ಪ ಅಸಿಟೊಕಾರ್ಮೈನ್ ಬಣ್ಣ ಮತ್ತು ಗಂಡು ಬಳ್ಳಿಯ ಎಳೆ ಮೊಗ್ಗು ಇದ್ದರೆ 1940ರಲ್ಲಿ ಕುಮಾರ್ ಮತ್ತು ದೇವಡೀಕರ್ ಕಂಡದ್ದನ್ನು ಇಂದಿನ ವಿದ್ಯಾರ್ಥಿಯೂ ಕಾಣಬಹುದು. ಪಠ್ಯದಲ್ಲಿ ಬರುವ ವಿದೇಶದ ಗಿಡದ ಚಿತ್ರಕ್ಕಿಂತ ಅದು ಎಷ್ಟೋ ಪಾಲು ಮೇಲು.

ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟೇ: ಮಳೆ ಹಿಡಿದ ಮೇಲೆ ಮಕ್ಕಳನ್ನು ಊರಿನ ಬೇಲಿಗಳ ಬದಿಗೆ ಕರೆದುಕೊಂಡು ಹೋಗಿ, ಬುಡದಲ್ಲಿ ಕಾಯಿಯಿಲ್ಲದ ಬಿಳಿ ತೊಂಡೆಹೂವನ್ನು ಹುಡುಕಿಸಿ. ಸಿಕ್ಕ ಗಂಡು ಬಳ್ಳಿಯಿಂದ ಒಂದು ಗೇಣುದ್ದದ ತುಂಡನ್ನು ತಂದು ಕಾಲೇಜಿನ ಹಿತ್ತಲಲ್ಲಿ ನೆಟ್ಟು, ಸಿಕ್ಕ ಜಾಗ ಮತ್ತು ತಾರೀಖನ್ನು ಒಂದು ಪುಸ್ತಕದಲ್ಲಿ ಬರೆದಿಡಿ.